ಮಾಸಿನ ರಕ್ತನಾಳ ಎಣಿಸುವುದು ಹೇಗೆ

ನಮ್ಮ ಪ್ಯಾಥಾಲಜಿ ಲ್ಯಾಬಿಗೆ ಹೊಸದಾಗಿ ಬಂದ ಪಿಜಿ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಮೇಡಂ, ಒಂದು ವಿಲ್ಲಸ್‌ನಲ್ಲಿ ಎಷ್ಟು ನಾಳ ಇದ್ದರೆ ನಾರ್ಮಲ್?" ವಿಲ್ಲಸ್ ಅಂದರೆ ಮಾಸಿನ (ಪ್ಲಾಸೆಂಟಾದ) ಒಳಗಿನ ಸಣ್ಣ ಎಳೆ, ವಿವರ ಮುಂದೆ ಇದೆ. ನಾನು ಉತ್ತರ ಕೊಡುವುದಿಲ್ಲ. "ಈ ತುಂಡು ಮಾಸಿನ ಯಾವ ಜಾಗದ್ದು? ಎಷ್ಟನೇ ವಾರದ್ದು? ಹೊರಬಂದ ಎಷ್ಟು ಹೊತ್ತಿಗೆ ಕತ್ತರಿಸಿದಿರಿ?" ಅಂತ ತಿರುಗಿ ಕೇಳುತ್ತೇನೆ. ಮುಖ ಸಣ್ಣಗಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ, ನಾನೂ ಹಾಗೇ ಇದ್ದವಳು.

ನನ್ನ ಮೊದಲ ಕೆಲಸವೇ ಮಾಸಿನ ನಾಳ ಎಣಿಸುವುದು. ತಾಯಿಗೆ ಬಿಪಿ ಏರಿದ ಮಾಸು ಒಂದು ಕಡೆ, ಆರೋಗ್ಯವಾಗಿದ್ದವರ ಮಾಸು ಇನ್ನೊಂದು ಕಡೆ. ಎರಡು ತಿಂಗಳು ಕತ್ತು ಬಗ್ಗಿಸಿ ಎಣಿಸಿದೆ. ತುಂಡುಗಳನ್ನೆಲ್ಲ ಅಂಚಿನಿಂದ ತೆಗೆದಿದ್ದೆ. ಕಾರಣ ದೊಡ್ಡದೇನಲ್ಲ. ಅಂಚು ತೆಳ್ಳಗಿರುತ್ತದೆ, ಚಾಕು ಸಲೀಸಾಗಿ ಓಡುತ್ತದೆ, ತುಂಡು ಕ್ಯಾಸೆಟ್‌ನಲ್ಲಿ (ತುಂಡು ಇಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿ) ಚೆನ್ನಾಗಿ ಕೂರುತ್ತದೆ. ನನ್ನ ಗೈಡ್ ಮೂರು ಸ್ಲೈಡ್ ನೋಡಿ, "ಇದು ಅಂಚಿನ ಕಥೆ, ಮಾಸಿನದ್ದಲ್ಲ" ಅಂದರು. ಅಂಚಿಗೆ ತಾಯಿಯ ರಕ್ತ ಹರಿಯುವುದೇ ಕಡಿಮೆ. ಆರೋಗ್ಯವಾದ ಮಾಸಿನ ಅಂಚೂ ಸ್ವಲ್ಪ ಕಾಯಿಲೆ ಬಿದ್ದಂತೆಯೇ ಕಾಣುತ್ತದೆ. ನನ್ನ ಎರಡು ಗುಂಪಿಗೂ ವ್ಯತ್ಯಾಸ ಕಾಣದೆ ಹೋದದ್ದು ಅದಕ್ಕೇ.

ಪುಸ್ತಕದಲ್ಲಿ ಜರಾಯು ಅಂತಾರೆ, ಲ್ಯಾಬಿನಲ್ಲಿ ಪ್ಲಾಸೆಂಟಾ ಅಂತೀವಿ. ನಾನು ಮಾಸು ಅಂತಲೇ ಬರೆಯುತ್ತೇನೆ. ವಿಲ್ಲಸ್ ಅಂದರೆ ಮಾಸಿನ ಒಳಗೆ ಕೊಂಬೆಯ ಹಾಗೆ ಕವಲೊಡೆಯುವ ಎಳೆ. ಒಂದಕ್ಕಿಂತ ಜಾಸ್ತಿ ಇದ್ದರೆ ವಿಲ್ಲೈ. ಎಳೆಯ ಒಳಗೆ ಮಗುವಿನ ರಕ್ತ, ಹೊರಗೆ ಸುತ್ತ ತಾಯಿಯ ರಕ್ತ. ಎರಡೂ ಬೆರೆಯುವುದಿಲ್ಲ. ಆಮ್ಲಜನಕ, ಗ್ಲೂಕೋಸ್ ಎಲ್ಲ ಆ ತೆಳು ಗೋಡೆ ದಾಟಿಯೇ ಹೋಗಬೇಕು. ಹಾಗಾಗಿ ಎಳೆಯ ಒಳಗೆ ಎಷ್ಟು ನಾಳ ಇದೆ, ಅದು ಗೋಡೆಗೆ ಎಷ್ಟು ಹತ್ತಿರ ಇದೆ ಅನ್ನುವುದು ಮಗುವಿನ ಬೆಳವಣಿಗೆಯ ಪ್ರಶ್ನೆ.

ಮೊದಲು ಗಡಿಯಾರ, ಆಮೇಲೆ ಚಾಕು

ಮಾಸು ಹೊರಬಂದ ಹೊತ್ತು ಬರೆದುಕೊಳ್ಳಿ. ನಿಮ್ಮ ಕೈಗೆ ಬಂದ ಹೊತ್ತು ಬೇರೆ, ಅದನ್ನೂ ಬರೆಯಿರಿ. ಸಹಜ ಹೆರಿಗೆಯೋ, ನೋವು ಶುರುವಾಗುವ ಮೊದಲೇ ಆದ ಸಿಸೇರಿಯನ್ನೋ ಕೇಳಿ. ಇದು ಸುಮ್ನೆ ಫಾರಂ ತುಂಬುವ ಕೆಲಸ ಅಲ್ಲ. ಹೆರಿಗೆ ನೋವಿನಲ್ಲಿ ಗರ್ಭಕೋಶ ಹಿಂಡಿದಾಗೆಲ್ಲ ಮಾಸಿಗೆ ರಕ್ತ ನಿಂತು ನಿಂತು ಬರುತ್ತದೆ. ಆ ಹೊಡೆತಕ್ಕೆ ಜೀನ್‌ಗಳ ಲೆಕ್ಕವೇ ಬದಲಾಗುತ್ತದೆ. ನಾಳ ಬೆಳೆಸುವ ಪ್ರೋಟೀನ್‌ಗಳ ಮಟ್ಟವೂ ಅದರ ಜೊತೆಗೇ ಏರುಪೇರಾಗುತ್ತದೆ. ಒಂದು ಗುಂಪಿನಲ್ಲಿ ಬರೀ ಸಿಸೇರಿಯನ್, ಇನ್ನೊಂದರಲ್ಲಿ ಬರೀ ಸಹಜ ಹೆರಿಗೆ ಇಟ್ಟುಕೊಂಡರೆ ನೀವು ಅಳೆಯುತ್ತಿರುವುದು ಕಾಯಿಲೆಯನ್ನಲ್ಲ, ಹೆರಿಗೆ ನೋವನ್ನು.

ಹೊಕ್ಕುಳ ಬಳ್ಳಿಗೆ ಕ್ಲಾಂಪ್ ಹಾಕಿದ್ದು ತಕ್ಷಣವೋ ತಡವಾಗಿಯೋ ಅದನ್ನೂ ಕೇಳಿ. ತಡವಾಗಿ ಹಾಕಿದರೆ ಮಾಸಿನಲ್ಲಿದ್ದ ರಕ್ತ ಜಾಸ್ತಿ ಮಗುವಿಗೆ ಹೋಗಿರುತ್ತದೆ. ಮಗುವಿಗೆ ಒಳ್ಳೆಯದೇ. ಆದರೆ ನಾಳಗಳು ಖಾಲಿಯಾಗಿ ಕುಸಿದಿರುತ್ತವೆ, ಸ್ಲೈಡಿನಲ್ಲಿ ತೆಳುಗೆರೆಯಂತೆ ಕಂಡು ಕಣ್ಣು ತಪ್ಪಿಸುತ್ತವೆ.

ಆರ್‌ಎನ್‌ಎ ಅಥವಾ ಪ್ರೋಟೀನ್ ನೋಡಬೇಕಿದ್ದರೆ ಹತ್ತಿಪ್ಪತ್ತು ನಿಮಿಷದೊಳಗೆ ತುಂಡು ತೆಗೆಯಿರಿ. ತಣ್ಣಗಿನ ಸಲೈನ್‌ನಲ್ಲಿ ತಾಯಿಯ ರಕ್ತ ತೊಳೆದು ದ್ರವ ಸಾರಜನಕಕ್ಕೆ ಹಾಕಿ. ಬರೀ ಸ್ಲೈಡ್ ಸಾಕು ಅನ್ನುವವರಿಗೆ ಇಷ್ಟು ಅವಸರ ಇಲ್ಲ. ಇದಕ್ಕೆಲ್ಲ ಮೊದಲು ತಾಯಿಯ ಒಪ್ಪಿಗೆ ಮತ್ತು ಎಥಿಕ್ಸ್ ಕಮಿಟಿಯ ಅನುಮತಿ ಕೈಯಲ್ಲಿರಬೇಕು. ಗ್ಲೌಸ್ ಬಗ್ಗೆ ನಾನು ಹೇಳಬೇಕಾಗಿಲ್ಲ ಅಲ್ವಾ.

ಬರಿಗಣ್ಣಿಗೆ ಕಾಣುವುದು

ಮಗುವಿನ ಕಡೆಯ ಮೈ ಮೇಲೆ ಮಾಡಿ ಟ್ರೇನಲ್ಲಿ ಹರಡಿ. ಹೊಳೆಯುವ ಪೊರೆಯ ಕೆಳಗೆ ದಪ್ಪ ನಾಳಗಳು ಬಳ್ಳಿಯ ಬುಡದಿಂದ ಹರಡಿರುತ್ತವೆ. ಎರಡು ನಾಳ ಒಂದನ್ನೊಂದು ದಾಟುವ ಕಡೆ ನೋಡಿ. ಮೇಲೆ ಹಾದು ಹೋಗುವುದು ಧಮನಿ, ಕೆಳಗಿರುವುದು ಅಭಿಧಮನಿ. ಈ ಗುರುತು ನೆನಪಿಟ್ಟುಕೊಂಡರೆ ಬಣ್ಣ ನೋಡಿ ಮೋಸ ಹೋಗುವುದಿಲ್ಲ. ಇಲ್ಲಿ ಬಣ್ಣದ ಲೆಕ್ಕ ತಿರುಗುಮುರುಗು. ಧಮನಿ ಮಗುವಿನಿಂದ ಆಮ್ಲಜನಕ ಕಡಿಮೆ ಇರುವ ರಕ್ತ ತರುತ್ತದೆ, ಅಭಿಧಮನಿ ತುಂಬಿಸಿಕೊಂಡ ರಕ್ತ ವಾಪಸ್ ಒಯ್ಯುತ್ತದೆ.

ಬಳ್ಳಿಯನ್ನು ಅಡ್ಡಲಾಗಿ ಕತ್ತರಿಸಿದರೆ ಮೂರು ತೂತು ಕಾಣಬೇಕು. ಎರಡು ಧಮನಿ, ಒಂದು ಅಭಿಧಮನಿ. ಬುಡಕ್ಕೆ ತೀರ ಹತ್ತಿರ ಕತ್ತರಿಸಬೇಡಿ. ಅಲ್ಲಿ ಎರಡು ಧಮನಿಗಳೂ ಸೇರಿಕೊಂಡಿರುವ ಸಾಧ್ಯತೆ ಇದೆ, ಎರಡೇ ತೂತು ಕಂಡು ಇಲ್ಲದ ದೋಷ ಬರೆದುಬಿಡುತ್ತೀರಿ.

ಪೊರೆ ಮತ್ತು ಬಳ್ಳಿ ಕತ್ತರಿಸಿ, ಹೆಪ್ಪುಗಟ್ಟಿದ ರಕ್ತ ತೆಗೆದು, ಆಮೇಲೆ ತೂಗಿ. ತುಂಬು ತಿಂಗಳ ಮಾಸು ಸುಮಾರು 500 ಗ್ರಾಂ ಬರುತ್ತದೆ. ಘನ ಅಳತೆ ಬೇಕಿದ್ದರೆ ಸಲೈನ್ ತುಂಬಿದ ಪಾತ್ರೆಯನ್ನು ತಕ್ಕಡಿ ಮೇಲಿಟ್ಟು, ಮಾಸನ್ನು ದಾರದಲ್ಲಿ ತೂಗುಬಿಟ್ಟು ಮುಳುಗಿಸಿ. ತಳಕ್ಕೆ ತಾಗಬಾರದು. ತಕ್ಕಡಿ ಎಷ್ಟು ಗ್ರಾಂ ಜಾಸ್ತಿ ತೋರಿಸುತ್ತದೋ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ಈ ಸಂಖ್ಯೆ ಆಮೇಲೆ ಬೇಕಾಗುತ್ತದೆ, ಕಳೆಯಬೇಡಿ.

ಈಗ ಕತ್ತರಿಸುವುದು. ಇಡೀ ಮಾಸನ್ನು ಬ್ರೆಡ್ ಹೋಳಿನಂತೆ ಸೆಂಟಿಮೀಟರ್ ದಪ್ಪಕ್ಕೆ ಸೀಳಿ. ಒಮ್ಮೆ ಯಾರೋ ಅವಸರಕ್ಕೆ ಇಡೀ ಮಾಸನ್ನು ಸಣ್ಣ ಡಬ್ಬಿಗೆ ತುರುಕಿ ಮೇಲೆ ಎರಡು ಲೋಟದಷ್ಟು ಫಾರ್ಮಲಿನ್ ಸುರಿದು ಕಳಿಸಿದ್ದರು. ಮೂರು ದಿನದ ಮೇಲೆ ಸೀಳಿದರೆ ಹೊರಗೆ ಬೂದು, ಒಳಗೆ ಹಸಿ ಕೆಂಪು, ಜೊತೆಗೆ ವಾಸನೆ. ಫಾರ್ಮಲಿನ್ ಒಳಗಿಳಿಯುವ ವೇಗ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ, ಆಳಕ್ಕೆ ಹೋದಂತೆ ಇನ್ನೂ ನಿಧಾನ. ತುಂಡಿನ ಹತ್ತು ಪಟ್ಟು ದ್ರವ ಇರಬೇಕು.

ರೋಗ ಪತ್ತೆಗೆ ನೋಡುವಾಗ 2016ರ ಆಮ್‌ಸ್ಟರ್‌ಡ್ಯಾಮ್ ಒಮ್ಮತದ ಪಟ್ಟಿ ಇದೆ. ಕನಿಷ್ಠ ನಾಲ್ಕು ಬ್ಲಾಕ್, ಅಂದರೆ ತುಂಡು ಕೂರಿಸಿದ ಮೇಣದ ಗಟ್ಟಿ. ಒಂದರಲ್ಲಿ ಬಳ್ಳಿ ಮತ್ತು ಪೊರೆಯ ಸುರುಳಿ. ಉಳಿದ ಮೂರರಲ್ಲಿ ಮಗುವಿನ ಕಡೆಯಿಂದ ತಾಯಿಯ ಕಡೆವರೆಗೆ ಪೂರ್ತಿ ದಪ್ಪದ ತುಂಡು, ನೋಡಲು ಸಹಜವಾಗಿರುವ ಜಾಗದಿಂದ, ಅಂಚು ಬಿಟ್ಟು. ಸಂಶೋಧನೆಗೆ ಎಣಿಸುವವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು. ಸೀಳಿದ ಹೋಳುಗಳನ್ನು ಸಾಲಾಗಿ ಜೋಡಿಸಿ, ಅದರ ಮೇಲೆ ಚೌಕುಳಿ ಗೆರೆಯ ಪ್ಲಾಸ್ಟಿಕ್ ಹಾಳೆ ಹಾಸಿ. ಮೊದಲ ಚೌಕವನ್ನು ಚೀಟಿ ಎತ್ತಿ ಆರಿಸಿ. ಆಮೇಲೆ ಲೆಕ್ಕದ ಪ್ರಕಾರ ಪ್ರತಿ ಇಷ್ಟನೇ ಚೌಕಕ್ಕೆ ಒಂದರಂತೆ ತೆಗೆಯುತ್ತಾ ಹೋಗಿ. ನಿಮ್ಮ ಕಣ್ಣಿಗೆ ಚೆಂದ ಕಂಡ ಜಾಗ ತೆಗೆಯುವುದಲ್ಲ. ಒಂದೇ ಹಾಲೆಯ ನಡುಭಾಗಕ್ಕೂ ಅದರ ಹೊರಭಾಗಕ್ಕೂ ಆಮ್ಲಜನಕ ಒಂದೇ ಸಮ ಇರುವುದಿಲ್ಲ, ನಡುವಿನ ವಿಲ್ಲೈ ಇನ್ನೂ ಎಳಸಾಗಿರುತ್ತವೆ. ಕೈ ಹೋದ ಕಡೆ ಕತ್ತರಿಸಿದರೆ ಒಂದೇ ಮಾಸಿನಲ್ಲಿ ಎರಡು ಉತ್ತರ ಸಿಗುತ್ತದೆ.

ಕ್ಯಾಸೆಟ್ ಮೇಲೆ, ಸ್ಲೈಡ್ ಮೇಲೆ ಪೆನ್ಸಿಲ್‌ನಲ್ಲೇ ಬರೆಯಿರಿ. ಪೆನ್ನಿನ ಶಾಯಿ ಆಲ್ಕೋಹಾಲ್, ಜೈಲೀನ್‌ನಲ್ಲಿ ತೊಳೆದು ಹೋಗುತ್ತದೆ.

ಎಷ್ಟನೇ ವಾರ ಅನ್ನುವುದು ಯಾಕೆ ಬೇಕು

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಎಣಿಕೆಗೆ ಅರ್ಥ ಬರುವುದು ಇದರಿಂದಲೇ.

ಗರ್ಭ ಕಟ್ಟಿ ಸುಮಾರು ಮೂರು ವಾರದವರೆಗೆ ವಿಲ್ಲಸ್‌ನಲ್ಲಿ ನಾಳವೇ ಇರುವುದಿಲ್ಲ. ಆಮೇಲೆ ಎಳೆಯ ಒಳಗಿನ ಕೆಲವು ಜೀವಕೋಶಗಳು ಅಲ್ಲೇ ಗುಂಪುಗೂಡಿ, ನಡುವೆ ಟೊಳ್ಳಾಗಿ, ನಾಳವಾಗುತ್ತವೆ. ಹಳೆ ನಾಳದಿಂದ ಚಿಗುರಿದ್ದಲ್ಲ, ಇದ್ದಲ್ಲೇ ಹೊಸದಾಗಿ ಹುಟ್ಟಿದ್ದು. ಇದಕ್ಕೆ ವ್ಯಾಸ್ಕುಲೋಜೆನೆಸಿಸ್ ಅಂತ ಹೆಸರು. ಹೀಗೆ ಹುಟ್ಟಿದ ನಾಳದಿಂದ ಕವಲು ಹೊರಡುವುದು ಆಂಜಿಯೋಜೆನೆಸಿಸ್. ಸುಮಾರು 24ನೇ ವಾರದವರೆಗೆ ಕವಲೊಡೆಯುವ ಕೆಲಸವೇ ಜಾಸ್ತಿ, ಬಲೆಯ ಹಾಗೆ. ಅಲ್ಲಿಂದ ಮುಂದೆ ಕವಲು ಕಡಿಮೆಯಾಗಿ ನಾಳ ಉದ್ದಕ್ಕೆ ಬೆಳೆಯುತ್ತದೆ. ಎಳೆಗಿಂತ ನಾಳವೇ ಉದ್ದವಾದರೆ ಏನಾಗುತ್ತದೆ? ಸುರುಳಿ ಸುತ್ತಿ ಪಕ್ಕಕ್ಕೆ ಉಬ್ಬುತ್ತದೆ. ಆ ಉಬ್ಬೇ ತುದಿಯ ವಿಲ್ಲಸ್. ಅಲ್ಲಿ ನಾಳ ಗೋಡೆಗೆ ಒತ್ತಿಕೊಂಡಿರುತ್ತದೆ, ತಾಯಿಯ ರಕ್ತಕ್ಕೂ ಮಗುವಿನ ರಕ್ತಕ್ಕೂ ನಡುವೆ ಉಳಿಯುವುದು ನಾಲ್ಕು ಮೈಕ್ರಾನ್‌ನಷ್ಟು ದೂರ. ಹಾಗಾಗಿ 20ನೇ ವಾರದ ಮಾಸನ್ನೂ 38ನೇ ವಾರದ್ದನ್ನೂ ಒಂದೇ ಗುಂಪಿಗೆ ಹಾಕಬಾರದು. ಎರಡರಲ್ಲೂ ನಾಳ ಬೆಳೆಯುವ ರೀತಿಯೇ ಬೇರೆ.

ಇದನ್ನೆಲ್ಲ ನಡೆಸುವವರು ಯಾರು? "ವಿಇಜಿಎಫ್" ಅಂತ ಎಲ್ಲರೂ ಒಂದೇ ಉಸಿರಿಗೆ ಹೇಳುತ್ತಾರೆ. ನಾಳ ಬೆಳೆಸುವ ಒಂದು ಪ್ರೋಟೀನ್ ಅದು. ತಪ್ಪಲ್ಲ, ಆದರೆ ಅರ್ಧ ಉತ್ತರ. ಅದರ ಹಿಂದೆ ಆಮ್ಲಜನಕ ಇದೆ.

ಮೊದಲ ಮೂರು ತಿಂಗಳು ಮಾಸು ಬೆಳೆಯುವುದೇ ಕಡಿಮೆ ಆಮ್ಲಜನಕದಲ್ಲಿ. ತಾಯಿಯ ಸುರುಳಿ ಧಮನಿಗಳ ಬಾಯಿಗೆ ಮಾಸಿನ ಟ್ರೋಫೋಬ್ಲಾಸ್ಟ್ ಕೋಶಗಳೇ ಬಿರಡೆ ಹಾಕಿರುತ್ತವೆ. ಒಳಗೆ ಸೋರುವುದು ತಿಳಿ ದ್ರವ, ಆಹಾರ ಸಿಗುವುದು ಗರ್ಭಕೋಶದ ಗ್ರಂಥಿಗಳಿಂದ. 8ನೇ ವಾರದಲ್ಲಿ ಅಲ್ಲಿಯ ಆಮ್ಲಜನಕದ ಒತ್ತಡ 20 ಮಿಲಿಮೀಟರ್ ಪಾದರಸಕ್ಕಿಂತ ಕಡಿಮೆ. ಬಿರಡೆ ಸಡಿಲಾಗಿ ತಾಯಿಯ ರಕ್ತ ನುಗ್ಗಿದ ಮೇಲೆ, 12ನೇ ವಾರದ ಹೊತ್ತಿಗೆ, 50 ದಾಟುತ್ತದೆ. ಈ ಕಡಿಮೆ ಆಮ್ಲಜನಕ ಕಾಯಿಲೆ ಅಲ್ಲ, ಅದೇ ಆ ಕಾಲದ ಸಹಜ ಸ್ಥಿತಿ. ಆಮ್ಲಜನಕ ಕಡಿಮೆ ಇರುವಾಗ ಎಚ್‌ಐಎಫ್ ಅನ್ನುವ ಪ್ರೋಟೀನ್ ಒಡೆದು ಹೋಗದೆ ಉಳಿಯುತ್ತದೆ. ಅದು ಜೀವಕೋಶದ ಕೇಂದ್ರಕ್ಕೆ ಹೋಗಿ ವಿಇಜಿಎಫ್ ಜೀನನ್ನು ಎಬ್ಬಿಸುತ್ತದೆ. ವಿಇಜಿಎಫ್ ನಾಳದ ಒಳಪದರದ ಕೋಶಗಳನ್ನು ಕವಲೊಡೆಯಲು ಕರೆಯುತ್ತದೆ. ವಿಲ್ಲಸ್ ಒಳಗಿರುವ ಹಾಫ್‌ಬಾವರ್ ಕೋಶಗಳೂ (ಮಾಸಿನ ಮ್ಯಾಕ್ರೋಫೇಜ್‌ಗಳು) ಶುರುವಿನ ವಾರಗಳಲ್ಲಿ ಇದನ್ನು ಸುರಿಸುತ್ತವೆ.

ಆಮ್ಲಜನಕ ಬಂದ ಮೇಲಿನ ಕಥೆ ನನಗೆ ಇನ್ನೂ ಇಷ್ಟ. ಮೊದಮೊದಲು ವಿಲ್ಲೈ ಗರ್ಭದ ಚೀಲದ ಸುತ್ತಲೂ ಇರುತ್ತವೆ, ಚೆಂಡಿನ ಮೈತುಂಬ ಕೂದಲಿದ್ದ ಹಾಗೆ. ಬಿರಡೆ ಮೊದಲು ಸಡಿಲಾಗುವುದು ಅಂಚಿನ ಕಡೆ. ಅಲ್ಲಿಗೆ ಆಮ್ಲಜನಕ ಬೇಗ ನುಗ್ಗುತ್ತದೆ, ಅಲ್ಲಿಯ ವಿಲ್ಲೈಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ನಾಳ ಒಣಗಿ, ಎಳೆ ಸತ್ತು, ಆ ಭಾಗ ಬರೀ ಪೊರೆಯಾಗುತ್ತದೆ. ಉಳಿದ ಕಡೆ ತಟ್ಟೆಯ ಆಕಾರದ ಮಾಸು. ಅಂದರೆ ನೀವು ಟ್ರೇನಲ್ಲಿ ನೋಡುವ ದುಂಡನೆಯ ಆಕಾರವೇ ಬೆಳೆಸಿದ್ದರ ಜೊತೆಗೆ ಸವರಿ ಹಾಕಿದ್ದರ ಗುರುತು.

ವಿಇಜಿಎಫ್ ಒಬ್ಬನೇ ಅಲ್ಲ ಅಂದೆನಲ್ಲ. ಅದೇ ಮನೆತನದ ಪಿಎಲ್‌ಜಿಎಫ್ ಇದೆ, 1991ರಲ್ಲಿ ಮಾಸಿನಿಂದಲೇ ಪತ್ತೆಯಾದದ್ದು, ಹೆಸರಲ್ಲೇ ಪ್ಲಾಸೆಂಟಾ ಇದೆ. ಗರ್ಭ ಬೆಳೆದಂತೆ ವಿಇಜಿಎಫ್‌ನ ಜೋರು ಇಳಿದು ಇದರದ್ದು ಏರುತ್ತದೆ. ಕವಲೊಡೆಯುವುದು ನಿಂತು ಉದ್ದ ಬೆಳೆಯುವುದಕ್ಕೆ ಇದೇ ಕಾರಣ ಅನ್ನುವ ವಿವರಣೆ ಇದೆ. ಆಂಜಿಯೋಪೊಯಿಟಿನ್‌ಗಳು ಎರಡು. ಒಂದನೆಯದು ನಾಳದ ಸುತ್ತ ಪೆರಿಸೈಟ್ ಕೋಶಗಳನ್ನು ಕೂರಿಸಿ ಗಟ್ಟಿ ಮಾಡುತ್ತದೆ. ಎರಡನೆಯದು ಆ ಹಿಡಿತ ಸಡಿಲಿಸುತ್ತದೆ. ಸಡಿಲಿಸಿದಾಗ ವಿಇಜಿಎಫ್ ಇದ್ದರೆ ಹೊಸ ಕವಲು, ಇಲ್ಲದಿದ್ದರೆ ನಾಳವೇ ಮಾಯ. ಒಂದೇ ಪ್ರೋಟೀನ್, ಅಕ್ಕಪಕ್ಕ ಯಾರಿದ್ದಾರೆ ಅನ್ನುವುದರ ಮೇಲೆ ಎರಡು ಥರ ಕೆಲಸ.

ಇನ್ನು ಎಸ್‌ಫ್ಲಿಟ್-1. ವಿಇಜಿಎಫ್ ಬಂದು ಕೂರುವ ರಿಸೆಪ್ಟರ್ ಕೋಶದ ಗೋಡೆಯಲ್ಲಿ ನಾಟಿಕೊಂಡಿರುತ್ತದೆ. ಮಾಸು ಅದೇ ರಿಸೆಪ್ಟರಿನ ಹೊರಗಿನ ತುದಿಯನ್ನು ಮಾತ್ರ ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಅದೇ ಎಸ್‌ಫ್ಲಿಟ್-1. ಕರೆಗಂಟೆಯ ಸ್ವಿಚ್ಚನ್ನು ಗೋಡೆಯಿಂದ ಕಿತ್ತು ಬೀದಿಯಲ್ಲಿ ಎಸೆದ ಹಾಗೆ. ಬಂದವರು ಅದನ್ನೇ ಒತ್ತುತ್ತಾ ನಿಲ್ಲುತ್ತಾರೆ, ಒಳಗೆ ಗಂಟೆ ಬಡಿಯುವುದೇ ಇಲ್ಲ. ಸ್ವಲ್ಪ ಇದ್ದರೆ ಹತೋಟಿಗೆ ಒಳ್ಳೆಯದು. ಜಾಸ್ತಿಯಾದರೆ ತಾಯಿಯ ನಾಳಗಳಿಗೇ ವಿಇಜಿಎಫ್, ಪಿಎಲ್‌ಜಿಎಫ್ ಸಿಗದೆ ಹೋಗುತ್ತದೆ. 2003ರಲ್ಲಿ ಅನಂತ್ ಕರುಮಂಚಿ ಅವರ ತಂಡ ಗರ್ಭಿಣಿ ಇಲಿಗಳಲ್ಲಿ ಇದನ್ನು ಏರಿಸಿ ತೋರಿಸಿತು. ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು, ಮೂತ್ರಪಿಂಡದಲ್ಲಿ ಪ್ರಿಎಕ್ಲಾಂಪ್ಸಿಯಾದ (ಬಸುರಿಯಲ್ಲಿ ಬಿಪಿ ಏರುವ ಕಾಯಿಲೆ) ಗುರುತು ಕಂಡಿತು.

ಈಗ ಆಸ್ಪತ್ರೆಗಳಲ್ಲಿ ಎಸ್‌ಫ್ಲಿಟ್-1ನ್ನು ಪಿಎಲ್‌ಜಿಎಫ್‌ನಿಂದ ಭಾಗಿಸಿ ಒಂದು ಅನುಪಾತ ಕೊಡುತ್ತಾರೆ. ಪ್ರಿಎಕ್ಲಾಂಪ್ಸಿಯಾ ಅನುಮಾನ ಇರುವವರಲ್ಲಿ ಅದು 38 ಅಥವಾ ಕಡಿಮೆ ಇದ್ದರೆ ಮುಂದಿನ ಒಂದು ವಾರ ಆ ಕಾಯಿಲೆ ಬರುವ ಸಾಧ್ಯತೆ ತೀರ ಕಡಿಮೆ. ಜಾಸ್ತಿ ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ತೀರ್ಮಾನ ನೋಡುವ ಡಾಕ್ಟರದ್ದು. ನಮ್ಮ ಹುಡುಗರು ಮಾಡುವ ತಪ್ಪು ಬೇರೆ. ರಕ್ತದ ಈ ಅನುಪಾತವನ್ನು ತಂದು ಮಾಸಿನ ತುಂಡಿನ ಪ್ರೋಟೀನ್‌ಗೆ ಅನ್ವಯಿಸುತ್ತಾರೆ. ಅದು ರಕ್ತದ ಅಳತೆ ಸ್ವಾಮಿ, ತುಂಡಿಗೆ ಹೊಂದುವುದಿಲ್ಲ.

ಸ್ಲೈಡ್ ಮೇಲೆ

ನಾಲ್ಕು ಮೈಕ್ರಾನ್ ದಪ್ಪದ ಸೆಕ್ಷನ್ ಸಾಕು. ಮಾಮೂಲಿ ಎಚ್ ಅಂಡ್ ಇ ಬಣ್ಣದಲ್ಲಿ ಕುಸಿದ ನಾಳ ಕಾಣುವುದಿಲ್ಲ, ಅದಕ್ಕೆ ಸಿಡಿ31 ಅಥವಾ ಸಿಡಿ34 ಆಂಟಿಬಾಡಿ ಹಾಕಿ. ಎರಡೂ ನಾಳದ ಒಳಪದರಕ್ಕೆ ಕಂದು ಬಣ್ಣ ಹಿಡಿಸುತ್ತವೆ. ನನ್ನ ಓಟು ಸಿಡಿ34ಕ್ಕೆ, ಬಣ್ಣ ಗಟ್ಟಿಯಾಗಿ ಬರುತ್ತದೆ. ಯಾವುದೇ ಆಗಲಿ, ಕೊನೆವರೆಗೂ ಒಂದನ್ನೇ ಬಳಸಿ.

ಮಾಮೂಲಿ ರಿಪೋರ್ಟಿಗೆ ನಾಳ ತೀರ ಜಾಸ್ತಿ ಇದೆಯಾ ಅಂತ ನೋಡಲು 1984ರಿಂದ ಬಳಕೆಯಲ್ಲಿರುವ ಹತ್ತರ ಲೆಕ್ಕ ಇದೆ. 10ರ ಲೆನ್ಸಿನಲ್ಲಿ, ಹತ್ತು ಜಾಗದಲ್ಲಿ, ಹತ್ತು ವಿಲ್ಲೈನಲ್ಲಿ, ತಲಾ ಹತ್ತು ಅಥವಾ ಹೆಚ್ಚು ಕ್ಯಾಪಿಲರಿ (ಅತಿ ಸಣ್ಣ ನಾಳ) ಕಂಡರೆ ಕೊರಾಂಜಿಯೋಸಿಸ್. ತಾಯಿಗೆ ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದಾಗ, ತುಂಬ ಎತ್ತರದ ಬೆಟ್ಟ ಪ್ರದೇಶದಲ್ಲಿ ಬಸುರಿಯಾಗಿದ್ದಾಗ ಇದು ಜಾಸ್ತಿ ಕಾಣುತ್ತದೆ. ಮಾಸು ತನ್ನ ಕಡೆಯಿಂದ ಸರಿದೂಗಿಸಲು ನೋಡಿದೆ ಅಂತ ನಾನು ಓದಿಕೊಳ್ಳುತ್ತೇನೆ. ಇದರ ಉಲ್ಟಾ ಕೂಡ ಇದೆ. ಮಗುವಿನ ಬೆಳವಣಿಗೆ ಬೇಗನೇ ಕುಂಠಿತವಾಗಿ, ಸ್ಕ್ಯಾನಿಂಗ್‌ನಲ್ಲಿ ಬಳ್ಳಿಯ ಧಮನಿಯ ಹರಿವು ಎರಡು ಬಡಿತದ ನಡುವೆ ನಿಂತೇ ಹೋಗುವ ಕೇಸುಗಳಲ್ಲಿ ತುದಿ ವಿಲ್ಲೈ ಸಣಕಲಾಗಿ, ಕವಲು ಸುರುಳಿ ಎರಡೂ ಕಡಿಮೆಯಾಗಿ, ಎಲೆ ಉದುರಿದ ಕಡ್ಡಿಯಂತೆ ಕಾಣುತ್ತವೆ.

ಹತ್ತರ ಲೆಕ್ಕ ಹೌದು-ಇಲ್ಲ ಅನ್ನುವುದಕ್ಕೆ ಮಾತ್ರ. ನಿಜವಾಗಿ ಅಳೆಯಬೇಕಿದ್ದರೆ ಚುಕ್ಕಿ ಎಣಿಸಿ. ಪರದೆಯ ಮೇಲೆ ಚುಕ್ಕಿಗಳ ಜಾಲ ಹಾಕಿಕೊಳ್ಳಿ, ಪ್ರತಿ ಚುಕ್ಕಿ ಯಾವುದರ ಮೇಲೆ ಬಿತ್ತು ಅಂತ ಗುರುತು ಮಾಡಿ. ಒಂದು ಉದಾಹರಣೆ ಲೆಕ್ಕ ಹಾಕೋಣ. 400 ಚುಕ್ಕಿಯಲ್ಲಿ 160 ವಿಲ್ಲೈ ನಡುವಿನ ಖಾಲಿ ಜಾಗಕ್ಕೆ, 240 ವಿಲ್ಲೈ ಮೇಲೆ ಬಿದ್ದವು. ಆ 240ರಲ್ಲಿ 60 ಕ್ಯಾಪಿಲರಿಯ ಮೇಲೆ. ಮಾಸಿನ ಘನ ಅಳತೆ 480 ಮಿಲಿ ಇತ್ತು ಅನ್ನಿ. ವಿಲ್ಲೈ ಪಾಲು 60%, ಅಂದರೆ 288 ಮಿಲಿ. ಅದರಲ್ಲಿ ಕಾಲು ಭಾಗ ಕ್ಯಾಪಿಲರಿ, 72 ಮಿಲಿ.

ಉದ್ದವೂ ಸಿಗುತ್ತದೆ. ವಿಲ್ಲೈ ಮೇಲೆ ಒಟ್ಟು 0.2 ಚದರ ಮಿಲಿಮೀಟರ್ ಜಾಗದಲ್ಲಿ ಕ್ಯಾಪಿಲರಿಯ 180 ಅಡ್ಡಕೊಯ್ತ ಕಂಡವು ಅಂದರೆ, ಚದರ ಮಿಲಿಮೀಟರಿಗೆ 900. ಎರಡರಿಂದ ಗುಣಿಸಿ. ಘನ ಮಿಲಿಮೀಟರಿಗೆ 1800 ಮಿಲಿಮೀಟರ್ ನಾಳ. 288 ಮಿಲಿ ಅಂದರೆ 2,88,000 ಘನ ಮಿಲಿಮೀಟರ್. ಗುಣಿಸಿದರೆ 518 ಕಿಲೋಮೀಟರ್! ಮೊದಲ ಸಲ ಈ ಉತ್ತರ ಬಂದಾಗ ದಶಮಾಂಶ ತಪ್ಪಿದೆ ಅಂದುಕೊಂಡು ನಾನು ಮೂರು ಸಲ ಲೆಕ್ಕ ಮಾಡಿದ್ದೆ. ತಪ್ಪಿರಲಿಲ್ಲ. ತುಂಬು ತಿಂಗಳ ಮಾಸಿಗೆ ಪ್ರಕಟವಾಗಿರುವ ಅಂದಾಜು ಸುಮಾರು 550 ಕಿಲೋಮೀಟರ್. ಊಟದ ತಟ್ಟೆಯಷ್ಟಗಲದ ಅಂಗ ಅದು.

ಲೆಕ್ಕ ಸರಿ ಇದೆಯಾ ಅಂತ ನೋಡಲು ಕಾಲು ಭಾಗವನ್ನು, ಅಂದರೆ 0.25ನ್ನು, 1800ರಿಂದ ಭಾಗಿಸಿ. ನಾಳದ ಸರಾಸರಿ ಅಡ್ಡ ವಿಸ್ತೀರ್ಣ ಸಿಗುತ್ತದೆ. ಅದರಿಂದ ಅಗಲ ತೆಗೆದರೆ ಇಲ್ಲಿ 13 ಮೈಕ್ರಾನ್. ಏಳೆಂಟು ಮೈಕ್ರಾನಿನ ಕೆಂಪು ರಕ್ತಕಣ ಆರಾಮಾಗಿ ಹೋಗಬಹುದು, ನಂಬಬಹುದಾದ ಸಂಖ್ಯೆ. ನಿಮಗೆ 4 ಅಥವಾ 60 ಬಂದರೆ ಎಲ್ಲೋ ಎಡವಿದ್ದೀರಿ. ಮೇಣದಲ್ಲಿ ಕೂರಿಸುವಾಗ ತುಂಡು ಕುಗ್ಗುತ್ತದೆ ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಕುಗ್ಗಿದ ತುಂಡಿನಲ್ಲಿ ನಾಳ ಒತ್ತೊತ್ತಾಗಿ ಕಾಣುತ್ತದೆ. ಕೂರಿಸುವ ಮುಂಚೆ, ಆಮೇಲೆ ಎರಡು ಸಲ ಅಳತೆ ತೆಗೆದು ತಿದ್ದಿಕೊಳ್ಳಿ.

ಬೆಳೆಸಿ ನೋಡುವವರಿಗೆ ಒಂದೆರಡು ಮಾತು

ವಿಲ್ಲೈ ತುಂಡನ್ನು ತಟ್ಟೆಯಲ್ಲಿಟ್ಟು ಬೆಳೆಸುವವರು ಇನ್‌ಕ್ಯುಬೇಟರಿನ ಆಮ್ಲಜನಕ ನೋಡಿಕೊಳ್ಳಿ. ಹೊರಗಿನ ಗಾಳಿಯಲ್ಲಿರುವುದು 21%, ಒತ್ತಡ ಸುಮಾರು 150 ಮಿಲಿಮೀಟರ್. 8ನೇ ವಾರದ ಮಾಸು 20ಕ್ಕಿಂತ ಕಡಿಮೆಯಲ್ಲಿ ಬದುಕಿದ್ದು ನೆನಪಿದೆಯಲ್ಲ? ಅದನ್ನು ತಂದು 21%ರಲ್ಲಿ ಇಟ್ಟು ಅದಕ್ಕೆ "ನಾರ್ಮಲ್" ಅಂತ ಹೆಸರಿಡುವುದು ನನಗೆ ಸುತರಾಂ ಒಪ್ಪಿಗೆ ಇಲ್ಲ. ಶುರುವಿನ ವಾರಗಳ ತುಂಡಿಗೆ 2-3%, ಆಮೇಲಿನದಕ್ಕೆ 8%ರ ಆಸುಪಾಸು ಇಡಿ. ಗಾಜಿನ ಬಾಗಿಲನ್ನು ಪದೇ ಪದೇ ತೆರೆದು ಮುಚ್ಚಿ ಮಾಡಿದರೆ ಅದೂ ವ್ಯರ್ಥ.

ಬಳ್ಳಿಯ ಅಭಿಧಮನಿಯಿಂದ ತೆಗೆದ ಕೋಶಗಳನ್ನು 1973ರಿಂದ ಎಲ್ಲರೂ ಬೆಳೆಸುತ್ತಿದ್ದಾರೆ, ಸುಲಭವಾಗಿ ಸಿಗುತ್ತವೆ. ಆದರೆ ಅವು ದೊಡ್ಡ ನಾಳದ ಕೋಶಗಳು. ವಿಲ್ಲಸ್ ತುದಿಯ ಕ್ಯಾಪಿಲರಿ ಹೀಗೇ ನಡೆದುಕೊಳ್ಳುತ್ತದೆ ಅಂತ ಅದರಿಂದ ಹೇಳಲು ಬರುವುದಿಲ್ಲ. ಇನ್ನೊಂದು ವಿಷಯ, ಮಾಸಿಗೆ ನರಗಳೇ ಇಲ್ಲ. ಅಲ್ಲಿಯ ನಾಳ ಬಿಗಿಯುವುದು, ಸಡಿಲಾಗುವುದು ಎಲ್ಲ ಅಕ್ಕಪಕ್ಕದ ನೈಟ್ರಿಕ್ ಆಕ್ಸೈಡ್, ಎಂಡೋಥೀಲಿನ್, ಆಮ್ಲಜನಕದಂಥವುಗಳಿಂದಲೇ. ಹಾಗಾಗಿ ನೀವು ತಟ್ಟೆಗೆ ಹಾಕುವ ದ್ರವದಲ್ಲಿ ಏನಿದೆ, ಏನಿಲ್ಲ ಅನ್ನುವುದನ್ನು ಪ್ರತಿ ಸಲ ಬರೆದಿಡಿ.

ಕೊನೆಗೆ ಎಣಿಕೆಗೆ ಕೂರುವಾಗ ಸ್ಲೈಡಿನ ಹೆಸರು ಮುಚ್ಚಿ ಕೋಡ್ ಅಂಟಿಸಿರಬೇಕು. ಇದು ಕಾಯಿಲೆಯ ಮಾಸು ಅಂತ ಗೊತ್ತಿದ್ದರೆ ಕಣ್ಣು ತಾನಾಗಿ ನಾಳ ಬಿಟ್ಟು ಎಣಿಸುತ್ತದೆ, ನನ್ನದೂ ಸೇರಿ. ಎರಡು ವಾರ ಬಿಟ್ಟು ಹತ್ತು ಸ್ಲೈಡ್ ಮತ್ತೆ ಎಣಿಸಿ, ಹಳೆ ಸಂಖ್ಯೆ ನೋಡದೆ. ನಮ್ಮ ಲ್ಯಾಬಿನಲ್ಲಿ ಕೋಡಿನ ಹಾಳೆ ನನ್ನ ಡ್ರಾಯರಿನಲ್ಲಿರುತ್ತದೆ. ಎರಡನೇ ಎಣಿಕೆ ಮುಗಿಯುವ ತನಕ ಯಾರು ಬಂದು ಕೇಳಿದರೂ ಕೊಡುವುದಿಲ್ಲ.